ಕೆಮ್ಮಿಗೆ ವೈರಸ್ಸಿನ ಹೆಸರು ಗೊತ್ತಿಲ್ಲ

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಪತ್ತೆಯಾದ ಸುದ್ದಿ ಬಂದದ್ದೇ ತಡ, ಮೊಬೈಲಿನಿಂದ ಮೊಬೈಲಿಗೆ ಲಕ್ಷಣಗಳ ಕೋಷ್ಟಕಗಳು ಹರಿದಾಡಿದವು. ಮೂಗು ಸೋರಿದರೆ ಇದು, ಮೈಕೈ ನೋವಾದರೆ ಅದು, ವಾಸನೆ ಹೋದರೆ ಇನ್ನೊಂದು. ಹೊಸ ರೋಗವೆಂದು ಹೆದರಿದವರಿಗೆ ಆ ವೈರಸ್ಸನ್ನು ನೆದರ್ಲೆಂಡ್ಸಿನಲ್ಲಿ 2001ರಲ್ಲೇ ಗುರುತಿಸಿದ್ದರೆಂದು, 1958ರಲ್ಲಿ ತೆಗೆದಿಟ್ಟ ರಕ್ತದಲ್ಲೂ ಅದರ ಪ್ರತಿಕಾಯಗಳಿದ್ದವೆಂದು ಯಾವ ಕೋಷ್ಟಕವೂ ಹೇಳಲಿಲ್ಲ.

ಲಕ್ಷಣ ನೋಡಿ ವೈರಸ್ಸಿಗೆ ಹೆಸರಿಡುವ ಈ ಉತ್ಸಾಹ ಅಪಾಯಕಾರಿ ಎಂದೇ ನನ್ನ ನಂಬಿಕೆ. ಜ್ವರ, ಸುಸ್ತು, ಮೈಕೈ ನೋವುಗಳನ್ನು ಬಹುಮಟ್ಟಿಗೆ ಹುಟ್ಟಿಸುವುದು ಸೋಂಕಿನ ವಿರುದ್ಧ ಕಾದಾಡುವ ನಮ್ಮದೇ ರೋಗನಿರೋಧಕ ವ್ಯವಸ್ಥೆ. ಫ್ಲೂ ಬರಲಿ, ಕೊರೊನಾ ಬರಲಿ, ಉಸಿರಾಟದ ಇನ್ನೊಂದು ವೈರಸ್ಸಾದ ಆರ್‌ಎಸ್‌ವಿ ಬರಲಿ, ದೇಹ ಸುರಿಸುವ ರಾಸಾಯನಿಕ ಸಂಕೇತಗಳಾದ ಇಂಟರ್‌ಫೆರಾನ್, ಸೈಟೊಕೈನ್‌ಗಳು ಹೆಚ್ಚುಕಡಿಮೆ ಅವೇ. ಯಾವ ಕಳ್ಳ ಬಂದರೂ ಮನೆಯ ನಾಯಿ ಬೊಗಳುವ ದನಿ ಒಂದೇ.

ಅನುಭವಿ ವೈದ್ಯರು ಇದನ್ನು ಪೂರ್ತಿ ಒಪ್ಪಲಾರರು; ಅವರ ಮಾತಿನಲ್ಲಿ ಹುರುಳಿದೆ. ಬೆಳಿಗ್ಗೆ ಚೆನ್ನಾಗಿದ್ದವರನ್ನು ಸಂಜೆಗೆ ಮಲಗಿಸುವುದು ಫ್ಲೂ ಸ್ವಭಾವ. ನೆಗಡಿ ಗಂಟಲ ಕೆರೆತದಿಂದ ಮೆಲ್ಲಗೆ ಏರುತ್ತದೆ. ವರ್ಷ ತುಂಬದ ಕೂಸಿಗೆ ನೆಗಡಿಯ ಬೆನ್ನಿಗೇ ಎದೆ ಸುಂಯ್‌ಗುಟ್ಟಿದರೆ ಆರ್‌ಎಸ್‌ವಿಯನ್ನು ಅನುಮಾನಿಸುವುದು ಸರಿ. 2020ರಲ್ಲಿ ಮೂಗು ಕಟ್ಟದೆಯೇ ವಾಸನೆ ಹೋದರೆ ಕೋವಿಡ್ ಎನ್ನಲು ಬಲವಾದ ಆಧಾರವಿತ್ತು. ಒಮಿಕ್ರಾನ್ ತಳಿ ಬಂದಮೇಲೆ ಆ ಗುರುತೂ ಮಸುಕಾಯಿತು. ಅಲ್ಲದೆ ವೈದ್ಯರು ರೋಗಿಯ ವಯಸ್ಸು, ಋತು, ಊರಲ್ಲಿ ಸದ್ಯ ಹಬ್ಬಿರುವ ಸೋಂಕು ಎಲ್ಲವನ್ನೂ ಸೇರಿಸಿ ತೂಗುತ್ತಾರೆ. ಆ ತೂಗುವಿಕೆ ಕೋಷ್ಟಕದಲ್ಲಿ ಎಲ್ಲಿದೆ?

ಹಾಗಾದರೆ ಎಲ್ಲರಿಗೂ ಪರೀಕ್ಷೆಯೇ? ಒಂದೇ ಸ್ವಾಬ್‌ನಲ್ಲಿ ಹತ್ತಾರು ಸೂಕ್ಷ್ಮಾಣುಗಳನ್ನು ಹುಡುಕುವ ಮಲ್ಟಿಪ್ಲೆಕ್ಸ್ ಪಿಸಿಆರ್ ನಗರಗಳಲ್ಲಿ ಸಿಗುತ್ತದೆ, ಸಾವಿರಾರು ರೂಪಾಯಿಗೆ. ಅದರ ವರದಿಯನ್ನು ಓದುವ ಮುನ್ನ ಫೈಫರ್ ಕಥೆ ತಿಳಿದಿರಬೇಕು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯ ಕಂಡು, ರೋಗಕ್ಕೆ ಅದೇ ಕಾರಣವೆಂದು ಸಾರಿದರು. ಘನ ವಿಜ್ಞಾನಿಯ ಮಾತು; ಹೆಚ್ಚಿನವರು ನಂಬಿದರು. 1918ರ ಮಹಾಮಾರಿಯಲ್ಲಿ ಜನ ಸಾಯುತ್ತಿರುವಾಗ ಆ ಬ್ಯಾಕ್ಟೀರಿಯದ ವಿರುದ್ಧ ಲಸಿಕೆಗಳೂ ತಯಾರಾದವು. ಆದರೆ ಎಷ್ಟೋ ರೋಗಿಗಳಲ್ಲಿ ಅದು ಸಿಗಲೇ ಇಲ್ಲ, ಆರೋಗ್ಯವಂತರ ಗಂಟಲಲ್ಲಿ ಸಿಕ್ಕಿತು! ಕೊನೆಗೆ 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ರೋಗಿಯ ಗಂಟಲ ದ್ರವವನ್ನು ಸೋಸಿ, ಫೆರೆಟ್‌ಗಳಿಗೆ ಸೋಂಕು ತಗುಲಿಸಿ, ಅಸಲಿ ವೈರಸ್ಸನ್ನು ಹಿಡಿದರು. ಸಿಕ್ಕಿದ್ದೆಲ್ಲ ರೋಗದ ಕಾರಣವಲ್ಲ: ಇವತ್ತಿಗೂ ಆರೋಗ್ಯವಂತ ಮಕ್ಕಳ ಮೂಗಿನಲ್ಲಿ ನೆಗಡಿಯ ರೈನೋವೈರಸ್ ಸಿಗುತ್ತದೆ. ಕೋವಿಡ್ ವಾಸಿಯಾಗಿ ವಾರಗಳು ಕಳೆದರೂ ಅದರ ಆರ್‌ಎನ್‌ಎ ತುಣುಕುಗಳು ಪಿಸಿಆರ್‌ಗೆ ಸಿಗಬಲ್ಲವು. ಇತ್ತ ರ್‍ಯಾಪಿಡ್ ಟೆಸ್ಟ್ ನೆಗೆಟಿವ್ ಬಂದಮಾತ್ರಕ್ಕೆ ಸೋಂಕಿಲ್ಲವೆಂದು ಅಜ್ಜಿಯ ಪಕ್ಕ ಹೋಗಿ ಕೂರುವಂತಿಲ್ಲ.

ಆದರೆ ವರದಿಯಿಂದ ಚಿಕಿತ್ಸೆ ಬದಲಾಗುವ ಕಡೆ ಪರೀಕ್ಷೆ ಬೇಕೇ ಬೇಕು, ಅದೂ ಬೇಗ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಹೆಚ್ಚು ಫಲ ಕೊಡುವುದು ಮೊದಲ 48 ಗಂಟೆಗಳಲ್ಲಿ. ಗರ್ಭಿಣಿ, ವೃದ್ಧರು, ಆಸ್ತಮಾ ಇರುವವರು ನಾಲ್ಕು ದಿನ ಕಷಾಯ ಕುಡಿದು ಕಾದರೆ ಆ ಅವಕಾಶ ಕೈತಪ್ಪುತ್ತದೆ. ಇಂಥವರಲ್ಲಿ ಅನುಮಾನ ಬಲವಾಗಿದ್ದರೆ ವೈದ್ಯರು ವರದಿಗೂ ಕಾಯದೆ ಔಷಧಿ ಶುರುಮಾಡುತ್ತಾರೆ.

ಇದಕ್ಕೆ ಬದಲಾಗಿ ನಾವು ಮಾಡುತ್ತಿರುವುದೇನು? ಮೆಡಿಕಲ್ ಶಾಪಿನಿಂದ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಮೂರು ಮಾತ್ರೆ ತಂದು ನುಂಗುವುದು! ಯಾವ ವೈರಸ್ಸನ್ನೂ ಅದು ಕೊಲ್ಲದು. 2023ರ ಮಾರ್ಚ್‌ನಲ್ಲಿ ಎಚ್‌3ಎನ್‌2 ಫ್ಲೂ ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘ ಈ ಚಟದ ವಿರುದ್ಧ ಹೇಳಿಕೆಯನ್ನೇ ಕೊಡಬೇಕಾಯಿತು. ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಕೆಲಸ ಮಾಡಬೇಕಾದ ಔಷಧಿಯನ್ನು ಇವತ್ತಿನ ನೆಗಡಿಗೆ ಸುಟ್ಟುಹಾಕುವುದು ಅಪರಾಧ.

ಲಕ್ಷಣಗಳಿಗೆ ಕೆಲಸವಿಲ್ಲವೆಂದಲ್ಲ. ಬಂದದ್ದು ಯಾವ ವೈರಸ್ ಎಂದು ಅವು ಹೇಳಲಾರವು. ಕಾಯಿಲೆ ಎಷ್ಟು ಗಂಭೀರ ಎಂದು ಹೇಳಬಲ್ಲವು. ಕೆಮ್ಮುತ್ತಿರುವ ಕೂಸು ಅಳದೆ ಸುಮ್ಮನಿರುವಾಗ ಒಂದು ಪೂರ್ತಿ ನಿಮಿಷ ಅದರ ಉಸಿರು ಎಣಿಸಿ. ಎರಡರಿಂದ ಹನ್ನೆರಡು ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ವೈರಸ್ಸಿನ ಹೆಸರನ್ನು ಅಲ್ಲಿಯವರು ಹುಡುಕುತ್ತಾರೆ.