ವೈದ್ಯಾಧಿಕಾರಿಯ ಮೌನವೂ ವದಂತಿಯ ವೇಗವೂ

2025ರ ಜೂನ್ ತಿಂಗಳ ಕೊನೆಯ ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಇನ್ನೂ ಯೌವನದಲ್ಲಿದ್ದವರು, ಹೃದಯಾಘಾತದಿಂದ ಮೃತರಾದರೆಂಬ ವಾರ್ತೆ ನಾಡಿನ ಮೊಬೈಲುಗಳಲ್ಲೆಲ್ಲ ಹರಡಿತು. ಒಂದೊಂದು ಮರಣವೂ ಒಂದು ಭಾವಚಿತ್ರವಾಗಿ, ಕುಸಿದು ಬೀಳುತ್ತಿರುವ ಮನುಷ್ಯನ ಸಿಸಿಟಿವಿ ದೃಶ್ಯವಾಗಿ, ಯಾರದೆಂದು ತಿಳಿಯದ ದನಿಯ ಎಚ್ಚರಿಕೆಯಾಗಿ ವಾಟ್ಸ್‌ಆ್ಯಪ್ ಗುಂಪಿನಿಂದ ಗುಂಪಿಗೆ ದಾಟಿತು. ಸತ್ತವರ ಎಣಿಕೆ ಬೆಳಗಿಗೊಂದು ಸಂಜೆಗೊಂದು ಎಂಬಂತೆ ಬೆಳೆಯಿತು. ಇದರ ಫಲವಾಗಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ, ಎದೆಯಲ್ಲಿ ಯಾವ ನೋವೂ ಇಲ್ಲದ ಜನರು ಸಹ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತರು.

ಇಂತಹ ಸಮಯದಲ್ಲಿ ಜುಲೈ 1ರಂದು ರಾಜ್ಯದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಯಲ್ಲಿ, ಜಯದೇವ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ರಚಿಸಿರುವುದಾಗಿ ತಿಳಿಸುತ್ತ, ಅದರೊಡನೆಯೇ, ಕೋವಿಡ್ ಲಸಿಕೆಗೆ ಆತುರದಿಂದ ಅನುಮೋದನೆ ನೀಡಿದ್ದು ಈ ಸಾವುಗಳಿಗೆ ಒಂದು ಕಾರಣವಾಗಿರಬಹುದೆಂಬ ಸಂಶಯವನ್ನೂ ಪ್ರಕಟಿಸಿದರು. ಕೇಂದ್ರದ ಆರೋಗ್ಯ ಸಚಿವಾಲಯವು, ಐಸಿಎಂಆರ್ ಮತ್ತು ಏಮ್ಸ್ ಸಂಸ್ಥೆಗಳ ಅಧ್ಯಯನಗಳು ಅಂತಹ ಸಂಬಂಧವನ್ನು ಕಂಡಿಲ್ಲವೆಂದು ಒಡನೆಯೇ ಉತ್ತರ ಕೊಟ್ಟಿತು. ಅಲ್ಲಿಂದ ಮುಂದೆ ವಿಷಯವು ವೈದ್ಯರ ಕೈಯಿಂದ ಜಾರಿ ಎರಡು ರಾಜಕೀಯ ಪಕ್ಷಗಳ ಅನುಯಾಯಿಗಳ ವಾಗ್ಯುದ್ಧವಾಯಿತು. ಸಮಿತಿಯನ್ನು ನೇಮಿಸಿದ್ದು ಯುಕ್ತವೇ ಸರಿ; ಆದರೆ ಸಮಿತಿಯು ಒಂದು ಕಡತವನ್ನಾದರೂ ತೆರೆಯುವುದಕ್ಕೆ ಮುನ್ನ ಅದರ ನಿರ್ಣಯದ ದಿಕ್ಕನ್ನು ಲಕ್ಷಾಂತರ ಜನರ ಮುಂದೆ ಸೂಚಿಸಿದ್ದು, ಅಧಿಕಾರದ ಎಷ್ಟೇ ಎತ್ತರದಲ್ಲಿರುವವರು ಮಾಡಿದ್ದರೂ, ತಪ್ಪೆಂದು ಹೇಳದೆ ಗತ್ಯಂತರವಿಲ್ಲ.

ಆಮೇಲೆ ಬಂದ ವರದಿ ಏನು ಹೇಳಿತು? ಪರಿಶೀಲಿಸಿದ 24 ಮರಣಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವರಲ್ಲಿ ಬಹುಮಂದಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂತಹ, ವೈದ್ಯಶಾಸ್ತ್ರಕ್ಕೆ ಚಿರಪರಿಚಿತವಾದ ಕಾರಣಗಳಿದ್ದುವು. ಲಸಿಕೆಯೊಡನೆ ಸಂಬಂಧ ಕಾಣಲಿಲ್ಲ. ಇದಕ್ಕೂ ಮೊದಲೇ, 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಮರಣಗಳನ್ನು ಕುರಿತು ಐಸಿಎಂಆರ್ 2023ರಲ್ಲಿ ನಡೆಸಿದ್ದ ಅಧ್ಯಯನವೂ ಇದನ್ನೇ ಹೇಳಿತ್ತು. ಕುಟುಂಬದಲ್ಲಿ ಹಿಂದೆ ಯಾರಾದರೂ ಹಠಾತ್ತನೆ ಸತ್ತಿರುವುದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು, ಸಾವಿಗೆ ಮುಂಚಿನ ಎರಡು ದಿನಗಳೊಳಗೆ ಅತಿಯಾಗಿ ಕುಡಿದದ್ದು ಅಥವಾ ವಿಪರೀತ ದೈಹಿಕ ಶ್ರಮ ಪಟ್ಟದ್ದು ಅಪಾಯವನ್ನು ಹೆಚ್ಚಿಸುತ್ತವೆ ಎಂದು ತೋರಿಸಿತ್ತು. ಅಂದರೆ ಜ್ಞಾನವು ಎರಡು ವರ್ಷ ಮೊದಲೇ ಸಿದ್ಧವಾಗಿತ್ತು. ಹಾಸನದ, ಅರಸೀಕೆರೆಯ, ಹೊಳೆನರಸೀಪುರದ ಒಬ್ಬ ಸಾಮಾನ್ಯ ಗೃಹಸ್ಥನ ಮೊಬೈಲಿಗೆ, ಅವನಿಗೆ ತಿಳಿಯುವ ಕನ್ನಡದಲ್ಲಿ, ಅವನು ಭಯಗೊಂಡ ದಿನವೇ ಅದನ್ನು ತಲುಪಿಸುವ ಹೊಣೆ ಯಾರದೆಂಬುದು ಮಾತ್ರ ನಿಶ್ಚಯವಾಗಿರಲಿಲ್ಲ. ಆರೋಗ್ಯ ಇಲಾಖೆಯ ಮಾತು ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರವಾಗಿ ಬಿಡಿಬಿಡಿಯಾಗಿ ಬಂದಿತೇ ಹೊರತು, ಪ್ರತಿದಿನವೂ ನಿಯತವಾದ ವೇಳೆಯಲ್ಲಿ, ಹೆಸರೂ ಮುಖವೂ ಉಳ್ಳ ಒಬ್ಬ ವೈದ್ಯರ ದನಿಯಾಗಿ ಜನರ ಬಳಿಗೆ ಬರಲಿಲ್ಲ. ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿರುವವರಿಗೆ ಸಾಮಾಜಿಕ ಮಾಧ್ಯಮವನ್ನು ಕುರಿತು ಒಂದು ಸ್ಪಷ್ಟವಾದ ಕಾರ್ಯನೀತಿ ಇರಲೇಬೇಕು, ಅದು ಔಷಧ ದಾಸ್ತಾನಿನಷ್ಟೇ ಅಗತ್ಯವಾದ ಆಡಳಿತದ ಅಂಗ ಎಂದು ನಾನು ವಾದಿಸುವುದು ಈ ಕಾರಣದಿಂದಲೇ.

ಮೈಸೂರಿನ ಆ ಸಾಲನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿ ನಿಂತವರು ಕೇಳಿದ್ದು ಒಂದು ಇಸಿಜಿ. ಆದರೆ ವಿಶ್ರಾಂತ ಸ್ಥಿತಿಯಲ್ಲಿ ತೆಗೆದ ಇಸಿಜಿಯು ಆ ಗಳಿಗೆಯ ಹೃದಯದ ವಿದ್ಯುತ್ ಚಲನೆಯನ್ನು ತೋರಿಸೀತೇ ಹೊರತು, ಮುಂದಿನ ತಿಂಗಳು ರಕ್ತನಾಳದಲ್ಲಿ ಹೆಪ್ಪುಗಟ್ಟುವುದೋ ಇಲ್ಲವೋ ಎಂಬ ಭವಿಷ್ಯವನ್ನು ನುಡಿಯಲಾರದು. ಆ ಜನರಿಗೆ ನಿಜವಾಗಿ ಬೇಕಾಗಿದ್ದ ತಿಳಿವಳಿಕೆ ಬೇರೆಯದು: ರಕ್ತದೊತ್ತಡ ಎಷ್ಟಿದೆ, ಸಕ್ಕರೆ ಎಷ್ಟಿದೆ, ಬೀಡಿ ಸಿಗರೇಟು ಬಿಡುವುದು ಹೇಗೆ ಎಂಬುದು, ಎದೆ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹಬ್ಬಿ ಬೆವರು ಕಿತ್ತುಕೊಂಡಾಗ, ಅದನ್ನು ವಾಯು, ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗದೆ, ಒಡನೆಯೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂಬುದು. 2023ರಲ್ಲಿ ಸರ್ಕಾರವೇ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರಾಸ್ಪತ್ರೆಯ ತಜ್ಞರು ದೂರದಿಂದಲೇ ಓದಿ, ಹೃದಯಾಘಾತವೆಂದು ತಿಳಿದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಏರ್ಪಾಡಿದೆ. ಭಯವು ಸಕಲೇಶಪುರದವನನ್ನೂ ಚನ್ನರಾಯಪಟ್ಟಣದವನನ್ನೂ ಮೈಸೂರಿನ ಸಾಲಿಗೆ ಕಳುಹಿಸಿತು. ನಿಜವಾದ ನೋವು ಬಂದ ರಾತ್ರಿ ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಯಾವ ಫಾರ್ವರ್ಡೂ ಹೇಳಲಿಲ್ಲ. ಯಾರ ಹೆಸರನ್ನು ಆ ಯೋಜನೆಗೆ ಇಟ್ಟರೋ ಆ ನಟರು 46ನೆಯ ವಯಸ್ಸಿನಲ್ಲಿ, 2021ರ ಅಕ್ಟೋಬರ್ 29ರಂದು ತೀರಿಕೊಂಡಾಗಲೂ ಬೆಂಗಳೂರಿನ ಜಯದೇವದ ಮುಂದೆ ಇಂತಹುದೇ ಜನಸಂದಣಿ ಕೂಡಿತ್ತು. ನಾಲ್ಕು ವರ್ಷಗಳ ಅಂತರದಲ್ಲಿ ಅದೇ ಭಯಕ್ಕೆ ಅದೇ ಸಾಲು ಮತ್ತೆ ನಿಂತುದನ್ನು ಕಂಡೂ ಇಲಾಖೆಯು ಪಾಠ ಕಲಿಯದಿದ್ದರೆ ಜನರ ಅಜ್ಞಾನವನ್ನು ದೂರುವ ಅಧಿಕಾರ ಅದಕ್ಕಿಲ್ಲ.

ವೈದ್ಯಾಧಿಕಾರಿಯ ಸಂದೇಶ ಹೇಗಿರಬೇಕು? ಒಂದು ಮಾದರಿಯನ್ನು ಕೊಡುತ್ತೇನೆ. ‘ನಾನು ನಿಮ್ಮ ತಾಲ್ಲೂಕಿನ ಆರೋಗ್ಯಾಧಿಕಾರಿ. ನಿನ್ನೆ ನಮ್ಮಲ್ಲಿ ಒಬ್ಬ ಯುವಕ ತೀರಿಕೊಂಡಿದ್ದಾನೆ. ಕಾರಣ ಇನ್ನೂ ತಿಳಿದಿಲ್ಲ. ಮರಣೋತ್ತರ ಪರೀಕ್ಷೆ ನಡೆಯುತ್ತಿದೆ. ನಾಳೆ ಸಂಜೆ ಆರಕ್ಕೆ ತಿಳಿದಷ್ಟನ್ನು ಹೇಳುತ್ತೇನೆ. ಅಷ್ಟರಲ್ಲಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ನಮ್ಮ ಆಸ್ಪತ್ರೆಯಲ್ಲಿ ಇಸಿಜಿ ಇದೆ, ಚುಚ್ಚುಮದ್ದೂ ಇದೆ.’ ಒಂದು ನಿಮಿಷಕ್ಕೂ ಕಡಿಮೆಯ ದನಿ. ಇದರಲ್ಲಿ ವದಂತಿಯ ಪುನರುಚ್ಚಾರವಿಲ್ಲ, ಮೃತನ ಹೆಸರಿಲ್ಲ, ಅಭಯದ ಉತ್ಪ್ರೇಕ್ಷೆಯಿಲ್ಲ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವ ನಿಷ್ಠೆಯಿದೆ, ನಾಳೆ ಮತ್ತೆ ಬರುವೆನೆಂಬ ವಾಗ್ದಾನವಿದೆ. ಈ ವಾಗ್ದಾನವನ್ನು ನಡೆಸಿಕೊಡುವುದರಲ್ಲಿಯೇ ವಿಶ್ವಾಸದ ಮೂಲವಿರುವುದು. ಊರೂರಿನ ಆಶಾ ಕಾರ್ಯಕರ್ತೆಯರ ಮೂಲಕ ಆ ದನಿಯು ಸ್ವಸಹಾಯ ಸಂಘಗಳ ಗುಂಪುಗಳಿಗೆ, ಹಾಲಿನ ಡೈರಿಯ ಗುಂಪುಗಳಿಗೆ ಹೋಗಲಿ. ವದಂತಿ ಹುಟ್ಟುವುದಕ್ಕೆ ಮುನ್ನವೇ, ಆರೋಗ್ಯದ ದಿನಗಳಲ್ಲಿಯೇ, ಜನರಿಗೆ ಅದು ಪರಿಚಿತವಾಗಿರಲಿ. ಅಪರಿಚಿತನೊಬ್ಬನು ಸಂಕಟದ ದಿನದಂದು ಮೊದಲ ಬಾರಿಗೆ ಬಂದು ‘ನನ್ನನ್ನು ನಂಬಿ’ ಎಂದರೆ ಯಾರು ನಂಬುತ್ತಾರೆ?

ಇದಕ್ಕೆ ಎರಡು ಆಕ್ಷೇಪಗಳಿವೆ. ವೈದ್ಯನಿಗೆ ಮೊಬೈಲಿನ ಮುಂದೆ ನಿಂತು ಮಾತನಾಡುವುದು ಶೋಭಿಸದು, ಅದು ಕ್ರಮೇಣ ಆತ್ಮಪ್ರಚಾರವಾಗಿ ಪರಿಣಮಿಸುತ್ತದೆ ಎಂಬುದು ಮೊದಲನೆಯದು. ಈ ಭಯ ನಿರಾಧಾರವಾದುದಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವೃತ್ತಿ ನಡತೆಯ ನಿಯಮಾವಳಿಯಲ್ಲಿ, ವೈದ್ಯರು ದುಡ್ಡು ಕೊಟ್ಟು ಲೈಕುಗಳನ್ನೂ ಹಿಂಬಾಲಕರನ್ನೂ ಕೊಳ್ಳಬಾರದು, ರೋಗಿಗಳ ಚಿತ್ರಗಳನ್ನು ಹಂಚಬಾರದು ಎಂಬ ಸೂತ್ರಗಳಿದ್ದುವು. ಇತರ ಅಂಶಗಳ ಮೇಲೆ ಎದ್ದ ವಿರೋಧದಿಂದ ಆ ನಿಯಮಾವಳಿಯನ್ನೇ ಅದೇ ತಿಂಗಳು ತಡೆಹಿಡಿಯಲಾಯಿತು. ಈ ಸೂತ್ರಗಳಾದರೋ ಎಲ್ಲ ವೈದ್ಯರೂ ಸ್ವತಃ ಪಾಲಿಸತಕ್ಕವು. ಆದರೆ ವ್ಯಾಪಾರಕ್ಕಾಗಿ ಮಾತನಾಡುವವರಿರುವರೆಂಬ ಕಾರಣದಿಂದ ಸೇವೆಗಾಗಿ ಮಾತನಾಡಬೇಕಾದವರು ಬಾಯಿ ಮುಚ್ಚಿಕೊಂಡರೆ, ಮೈದಾನವೆಲ್ಲ ವ್ಯಾಪಾರಿಯದೇ ಆಗುತ್ತದೆ.

ಎರಡನೆಯದು ಸರ್ಕಾರದ ಆಕ್ಷೇಪ: ನೌಕರನು ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಬಹಿರಂಗವಾಗಿ ಮಾತನಾಡಕೂಡದು. ರಾಜ್ಯದ ನಡತೆ ನಿಯಮಗಳು ಸರ್ಕಾರದ ನೀತಿಯ ಟೀಕೆಯನ್ನು ನೌಕರನಿಗೆ ನಿಷೇಧಿಸುತ್ತವೆ, ಅದು ಇರಲಿ. ಆದರೆ ಡೆಂಗಿಯ ಲಕ್ಷಣ ಹೇಳುವುದು ಟೀಕೆಯಲ್ಲ, ಲಸಿಕೆಯ ವಿಷಯದಲ್ಲಿ ಹುಟ್ಟಿದ ಸುಳ್ಳನ್ನು ಸುಳ್ಳೆನ್ನುವುದು ಅವಿಧೇಯತೆಯಲ್ಲ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಬೆಂಗಳೂರಿನಿಂದಲೇ ಆರಂಭವಾದಾಗ, ಮಕ್ಕಳಿಗೆ ಅಪಾಯವೆಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಂಬಿ ಎಷ್ಟೋ ತಂದೆತಾಯಿಗಳು ಶಾಲೆಗಳಲ್ಲಿ ಲಸಿಕೆ ಹಾಕಿಸಲು ಒಪ್ಪಲಿಲ್ಲ. ಸುಳ್ಳಿಗೆ ಅಪ್ಪಣೆ ಬೇಕಿಲ್ಲ, ಸಹಿ ಬೇಕಿಲ್ಲ. ನಿಜವು ಕಡತದಲ್ಲಿ ಏರಿ ಇಳಿದು ಹೊರಬರುವಷ್ಟರಲ್ಲಿ ಮಗುವಿನ ಸರದಿ ದಾಟಿಹೋಗಿರುತ್ತದೆ. ಇಲಾಖೆಯ ಖಾತೆಗಳಲ್ಲಿ ಸಚಿವರ ಭಾವಚಿತ್ರಗಳಿಗೂ ಉದ್ಘಾಟನೆಗಳಿಗೂ ದೊರೆಯುವ ಪ್ರಾಶಸ್ತ್ಯವು ತಾಲ್ಲೂಕು ವೈದ್ಯರ ಮಾತಿಗೆ ದೊರೆಯದಿರುವುದು ನನಗೆ ಅತ್ಯಂತ ಖೇದಕರವಾಗಿ ತೋರುತ್ತದೆ.

ಜನರೊಡನೆ ಜನರ ನುಡಿಯಲ್ಲಿ ಮಾತನಾಡಿದ ವೈದ್ಯರ ಪರಂಪರೆ ಕನ್ನಡಕ್ಕೆ ಹೊಸದೇನೂ ಅಲ್ಲ. ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ ಮನೆಮನೆಯ ಪುಸ್ತಕವಾಯಿತು. ಹೆರಿಗೆ, ಹಾಲೂಡಿಸುವಿಕೆಗಳನ್ನು ಕುರಿತು ಬಾಯಿಬಿಟ್ಟು ಕೇಳಲು ಸಂಕೋಚಪಡುತ್ತಿದ್ದ ತಲೆಮಾರಿನ ಹೆಂಗಸರಿಗೆ ಅದು ಲಜ್ಜೆಯಿಲ್ಲದೆ ಉತ್ತರ ಹೇಳಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ನಿಮ್ಹಾನ್ಸ್‌ನ ಅನುಭವವನ್ನು ಅಸಂಖ್ಯಾತ ಲೇಖನಗಳಲ್ಲಿಯೂ ಕಿರುಹೊತ್ತಗೆಗಳಲ್ಲಿಯೂ ಹಂಚಿ, ಮನೋರೋಗವನ್ನು ಗಾಳಿ, ದೆವ್ವ, ಮಾಟಗಳ ಕತ್ತಲೆಯಿಂದ ಹೊರತರಲು ಶ್ರಮಿಸಿದರು. ಅಂದು ಓದುಗರು ಪತ್ರಿಕೆಯಲ್ಲಿದ್ದರು, ವೈದ್ಯರು ಪತ್ರಿಕೆಗೆ ಹೋದರು. ಇಂದು ಅವರು ಮೊಬೈಲಿನಲ್ಲಿದ್ದಾರೆ.

ಈ ಕೆಲಸವನ್ನು ಈಗಾಗಲೇ ಹತ್ತು ಕಾರ್ಯಕ್ರಮಗಳ ಭಾರ ಹೊತ್ತಿರುವ ಆರೋಗ್ಯಾಧಿಕಾರಿಯ ಹೆಗಲಿಗೆ ಹನ್ನೊಂದನೆಯದಾಗಿ ಹೊರಿಸುವುದು ಅನ್ಯಾಯ. ಕನ್ನಡ ಬಲ್ಲ ಒಬ್ಬ ಸಹಾಯಕ, ಒಂದಿಷ್ಟು ಶಿಕ್ಷಣ, ಮೇಲಿನಿಂದ ಒಂದು ಲಿಖಿತ ಅಭಯ ಇವು ಮೊದಲು ದೊರೆಯಬೇಕು. ಲಸಿಕೆಯ ಅಪರೂಪದ ದುಷ್ಪರಿಣಾಮಗಳನ್ನು ಮರೆಮಾಚುವ ಅನುಮತಿ ಮಾತ್ರ ಯಾರಿಗೂ ಇರಕೂಡದು. ಕೋವಿಶೀಲ್ಡ್‌ಗೆ ಸಂಬಂಧಿಸಿದ ರಕ್ತ ಹೆಪ್ಪುಗಟ್ಟುವ ಅತ್ಯಪರೂಪದ ತೊಂದರೆಯನ್ನು ಆಸ್ಟ್ರಾಜೆನೆಕಾ ಕಂಪನಿಯೇ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸಂಗತಿ 2024ರಲ್ಲಿ ಸುದ್ದಿಯಾದಾಗ, ಅದು ಎಷ್ಟು ವಿರಳ, ಲಸಿಕೆ ಪಡೆದ ಎಷ್ಟು ಕಾಲದೊಳಗೆ ಕಾಣಿಸಿಕೊಳ್ಳುವುದು ಎಂಬುದನ್ನು ನಮ್ಮ ವೈದ್ಯಾಧಿಕಾರಿಗಳೇ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ, ಮರುವರ್ಷ ಹಾಸನದ ಸಾವುಗಳಿಗೆ ಲಸಿಕೆಯನ್ನು ಗಂಟುಹಾಕುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಹಾಸನದ ವರದಿಯ ಬಳಿಕ ಸರ್ಕಾರವು, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಮರಣಗಳನ್ನು ಕಡ್ಡಾಯವಾಗಿ ವರದಿ ಮಾಡಿಸಿ ಮರಣೋತ್ತರ ಪರೀಕ್ಷೆಗೆ ಒಳಪಡಿಸುವುದಾಗಿ ಪ್ರಕಟಿಸಿತು. ಒಳ್ಳೆಯ ನಿರ್ಧಾರ. ಆ ಅಂಕಿಗಳು ಬೆಂಗಳೂರಿನ ಕಚೇರಿಯೊಂದರಲ್ಲಿ ಶೇಖರವಾಗಿ ವರ್ಷಾಂತ್ಯದ ಇಂಗ್ಲಿಷ್ ಪುಸ್ತಿಕೆಯಲ್ಲಿ ಮುದ್ರಿತವಾಗುವುದು ಬೇಡ. ಪ್ರತಿ ವಾರವೂ, ತಾಲ್ಲೂಕುವಾರು, ಹೆಸರುಗಳನ್ನು ಬಿಟ್ಟು ಕಾರಣಗಳನ್ನು ಹೇಳಿ, ಆಯಾ ತಾಲ್ಲೂಕಿನ ಆರೋಗ್ಯಾಧಿಕಾರಿಯ ಸ್ವಂತ ದನಿಯಲ್ಲಿ ಅವು ಜನರಿಗೆ ತಲುಪಲಿ. ಹಾಗೆ ತಲುಪಿಸಬೇಕೆಂಬ ಆಜ್ಞೆಯನ್ನು ಆರೋಗ್ಯ ಸಚಿವರು ಹೊರಡಿಸಲಿ, ಮತ್ತು ಅದನ್ನು ಹಾಸನದಿಂದಲೇ ಆರಂಭಿಸಲಿ.