ಬೀಗ ಬದಲಿಸಿದವರನ್ನಲ್ಲ, ಎರಡನೇ ಕೀ ಇಟ್ಟುಕೊಂಡವರನ್ನು ಕೇಳಿ



ಮನೆ ಓನರ್‌ಗಳು ನಾಲ್ಕು ಜನ ಸೇರಿದರೆ ಸಾಕು, ಒಂದು ಮಾತು ಬರುತ್ತೆ: "ಬಾಡಿಗೆಯವರು ಹೇಳದೆ ಕೇಳದೆ ಬೀಗ ಬದಲಾಯಿಸಿದ್ದಾರೆ, ಏನು ಮಾಡೋದು?" ಒಬ್ಬರು ಕರೆಂಟ್ ತೆಗೆಸಿ ಅಂತಾರೆ. ಇನ್ನೊಬ್ಬರು ನೀರು ನಿಲ್ಲಿಸಿ ಅಂತಾರೆ. ಮತ್ತೊಬ್ಬರು ಸಾಮಾನು ಬೀದಿಗೆ ಹಾಕಿ ನಿಮ್ಮ ಬೀಗ ಜಡಿಯಿರಿ ಅಂತಾರೆ. ಯಾಕೆ ಬದಲಾಯಿಸಿದರು ಅಂತ ಮಾತ್ರ ಒಬ್ಬರೂ ಕೇಳಲ್ಲ.

ನಾನು ಹೇಳ್ತೀನಿ ಕೇಳಿ. ಬೆಂಗಳೂರಲ್ಲಿ ನಾವಿದ್ದ ಒಂದು ಮನೆಯ ಇನ್ನೊಂದು ಕೀ ಓನರ್ ಹತ್ತಿರ ಇತ್ತು. ನಾವು ಕೆಲಸಕ್ಕೆ ಹೋದ ಮೇಲೆ ಒಳಗೆ ಬಂದು ಹೋಗ್ತಿದ್ದರು. ಗೊತ್ತಾಗಿದ್ದು ಅವರ ಬಾಯಿಂದಲೇ: "ರೂಮಲ್ಲಿ ಅಂಬೇಡ್ಕರ್ ಫೋಟೋ ಇದೆಯಲ್ಲ, ನೀವು ಯಾವ ಜನ ಅಂತ ಮೊದಲೇ ಹೇಳಬಾರದಿತ್ತಾ?" ಅವತ್ತು ಸಂಜೆಯೇ ಬೀಗ ಬದಲಿಸಿದೆ. ಒಂದು ತಿಂಗಳ ಬಾಡಿಗೆಯೂ ಬಾಕಿ ಇರಲಿಲ್ಲ. ಆದರೂ ಖಾಲಿ ಮಾಡಿ ಅಂದರು. ಬೀದಿಗೆಲ್ಲ ಹೇಳಿದ ಕಾರಣ ಏನು? "ನಮ್ಮ ಮನೆಗೆ ನಮಗೇ ಬೀಗ ಹಾಕ್ತಾರೆ!"

ಆ ಎರಡನೇ ಕೀ ಇದ್ದಿದ್ದು ಬಾಗಿಲು ತೆಗೆಯಕ್ಕಲ್ಲ, ನಮ್ಮ ಜಾತಿ ಹುಡುಕಕ್ಕೆ.

1917ರಲ್ಲಿ ಬಾಬಾಸಾಹೇಬರು ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇರೋಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಜಾತಿ ಗೊತ್ತಾದಾಗ ಕೋಲು ಹಿಡಿದು ಬಂದು ಹೊರಡಿಸಿದರು. ನೂರು ವರ್ಷ ದಾಟಿದರೂ ನಾವು ಹೆಸರು, ಊರು, ಊಟ ಮುಚ್ಚಿಟ್ಟೇ ಮನೆ ಹುಡುಕಬೇಕಾ?

"ನಮ್ಮ ಮನೆ, ನಮ್ಮ ಬಾಗಿಲು" ಅನ್ನೋರು ಕಾನೂನು ಓದಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವರು ಅವಧಿ ಮುಗಿಯುವ ತನಕ ಅಡ್ಡಿಯಿಲ್ಲದೆ ಮನೆಯಲ್ಲಿರಬಹುದು. ಓನರ್‌ಗೂ ಒಳಗೆ ಬಂದು ಮನೆಯ ಸ್ಥಿತಿ ನೋಡುವ ಹಕ್ಕಿದೆ, ಆದರೆ ಸೂಕ್ತ ಹೊತ್ತಿನಲ್ಲಿ. ಪೈಪ್ ಸೋರುತ್ತಾ? ಫೋನ್ ಮಾಡಿ, ನಾವೇ ಬಾಗಿಲು ತೆಗೀತೀವಿ. ಕದ್ದು ಬಂದು ಫ್ರಿಜ್ ಇಣುಕೋದು ಯಾವ ಕರಾರಿನಲ್ಲಿದೆ?

ಬೀಗ ಬದಲಿಸಿದ್ದು ಕರಾರಿಗೆ ವಿರುದ್ಧ ಅಂತಲೇ ಇಟ್ಟುಕೊಳ್ಳೋಣ. ಆಗಲೂ ನೋಟಿಸ್ ಕೊಡಿ, ಕೋರ್ಟಿಗೆ ಹೋಗಿ. ನೆಲೆಯಾಗಿ ಸ್ವಾಧೀನದಲ್ಲಿರುವವರನ್ನು, ಅವರಿಗೆ ಅಲ್ಲಿರುವ ಹಕ್ಕು ಮುಗಿದಿದ್ದರೂ, ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವಂತಿಲ್ಲ ಅಂತ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ದಲಿತರಲ್ಲದವರು ದಲಿತರನ್ನು ಅವರಿರುವ ಜಾಗದಿಂದ ಅಕ್ರಮವಾಗಿ ಹೊರಹಾಕಿದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಜಿ) ಕೂಡ ಇದೆ.

ನಮ್ಮವರಿಗೆ ನಾಲ್ಕು ಮಾತು:

ಬೀಗ ಬದಲಿಸುವ ಮೊದಲು ಕರಾರು ಓದಿ. ಬದಲಿಸಿದ ದಿನವೇ ಕಾರಣ ಬರೆದು ಓನರ್‌ಗೆ ವಾಟ್ಸಾಪ್ ಮಾಡಿ.

ಹಳೇ ಬೀಗ ಎಸೀಬೇಡಿ. ಖಾಲಿ ಮಾಡುವಾಗ ಅದನ್ನೇ ಹಾಕಿಕೊಡಿ.

ಬಾಡಿಗೆ ಬ್ಯಾಂಕ್ ಮೂಲಕವೇ ಕೊಡಿ.

ನಿಮ್ಮನ್ನು ಹೊರಗಿಟ್ಟು ಬೀಗ ಜಡಿದರೆ ವಿಡಿಯೋ ಮಾಡಿ, 112ಕ್ಕೆ ಕರೆ ಮಾಡಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ವಾಪಸ್ ಕೇಳಬಹುದು. ಆದರೆ ಆರೇ ತಿಂಗಳು ಗಡುವು, ಮರೀಬೇಡಿ.

ಸರ್ಕಾರಕ್ಕೂ ಒಂದು ಮಾತು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆಗಳ ಹೆಸರು ಹೇಳುತ್ತೆ. ಖಾಸಗಿಯವರ ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಜಾತಿ ಕೇಳಿ ಮನೆ ನಿರಾಕರಿಸುವುದನ್ನು ನೇರವಾಗಿ ನಿಷೇಧಿಸುವ ಕಾನೂನು ರಾಜ್ಯದಲ್ಲಿ ಬರಬೇಕು. ನಾವು ಕೇಳ್ತಿರೋದು ಬಿಟ್ಟಿ ಮನೆಯಲ್ಲ. ಬಾಡಿಗೆ ಕೊಟ್ಟ ಮನೆಯಲ್ಲಿ ಬಾಗಿಲು ಹಾಕಿಕೊಂಡು, ನಮ್ಮ ಅಡುಗೆ ನಾವು ಮಾಡಿಕೊಂಡು, ಬಾಬಾಸಾಹೇಬರ ಫೋಟೋ ಗೋಡೆಗೆ ಹಾಕಿಕೊಂಡು ಬದುಕುವ ಹಕ್ಕು.

ನಿಮಗೂ ಹೀಗಾಗಿದ್ದರೆ ಸುಮ್ಮನಿರಬೇಡಿ, ಬರೆಯಿರಿ.

ಜೈ ಭೀಮ್.