ಕಾಲವನ್ನು ಅಳೆಯುವ ಕೋಲು

ಒಂದು ಕೃತಿಯನ್ನು ಮೆಚ್ಚುವುದು ಸುಲಭ. ಹಳಿಯುವುದು ಇನ್ನೂ ಸುಲಭ. ಯಾವ ಗುಣಕ್ಕಾಗಿ ಮೆಚ್ಚಿದೆವು, ಯಾವ ಕೊರತೆಗಾಗಿ ಹಳಿದೆವು ಎಂಬುದನ್ನು ತೂಗಿ ಹೇಳುವುದು ಮಾತ್ರ ಕಷ್ಟ. ವಿಮರ್ಶೆಯ ಹೊಣೆ ಇರುವುದು ಈ ಮೂರನೆಯದರಲ್ಲಿ. ಕಾವ್ಯ, ನಾಟಕ, ಕಾದಂಬರಿಗಳ ವಿಷಯದಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿನ್ನೆ ಮೊನ್ನೆ ಹುಟ್ಟಿದ, ತನ್ನದೆಂಬ ಲಕ್ಷಣಗ್ರಂಥವೊಂದನ್ನು ಇನ್ನೂ ಬರೆದುಕೊಳ್ಳದ ಕಲೆಯೊಂದನ್ನು ವಿಮರ್ಶಕನು ಯಾವ ಕೋಲಿನಿಂದ ಅಳೆಯಬೇಕು? ವಿಡಿಯೋ ಆಟಗಳ ವಿಮರ್ಶೆಯನ್ನು ಓದುವಾಗಲೆಲ್ಲ ಈ ಪ್ರಶ್ನೆ ನಮ್ಮೆದುರು ಬಂದು ನಿಲ್ಲುತ್ತದೆ.

ಸಾಹಿತ್ಯದ ಪುಟದಲ್ಲಿ ಗುಂಡು ಹಾರಿಸುವ ಆಟದ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಅವರಲ್ಲಿ ನಮ್ಮ ಬಿನ್ನಹ ಇಷ್ಟೆ: ಚಲನಚಿತ್ರವನ್ನೂ ಒಂದು ಕಾಲದಲ್ಲಿ ಪಂಡಿತರು ಬಾಗಿಲ ಹೊರಗೆ ನಿಲ್ಲಿಸಿದ್ದರು. ಇಂದಿನ ತರುಣರು ಕಥೆಯನ್ನು ಓದಿ ಅರಿಯುವಂತೆ, ನೋಡಿ ಅರಿಯುವಂತೆ, ಆಡಿಯೂ ಅರಿಯುತ್ತಿದ್ದಾರೆ. ಅವರ ಮನಸ್ಸನ್ನು ಗಂಟೆಗಟ್ಟಲೆ ಹಿಡಿದಿಡುವ ವಸ್ತುವಿನ ಗುಣಾವಗುಣಗಳನ್ನು ವಿಚಾರಿಸದೆ ಬಿಡುವುದು ಹಿರಿತನದ ಲಕ್ಷಣವೇನೂ ಅಲ್ಲ.

ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್ ಶೂಟರ್’ ಎಂದು ಕರೆಯುವ ಆಟಗಳದೇ ಒಂದು ದೊಡ್ಡ ಪಂಗಡ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇವು ಉತ್ತಮಪುರುಷದ ಆಟಗಳು. ಪರದೆಯ ಮೇಲೆ ಕಾಣುವುದೆಲ್ಲ ಆಟಗಾರನ ಕಣ್ಣಿಗೆ ಕಂಡಂತೆಯೇ ಕಾಣುತ್ತದೆ. ಬಂದೂಕು ಹಿಡಿದ ಕೈ ಅವನದೇ ಎಂಬಂತೆ ತೋರುತ್ತದೆ. ‘ಅವನು ಹೊಡೆದನು’ ಎಂದಲ್ಲ, ‘ನಾನು ಹೊಡೆದೆನು’ ಎಂದೇ ಇಲ್ಲಿನ ನಿರೂಪಣೆ. ಈ ಪಂಗಡದಲ್ಲಿ ಕಾಲದ ಓಟವನ್ನು ಆಟಗಾರನ ಕೈಗೆ ಒಪ್ಪಿಸಿದ ಕೆಲವು ಕೃತಿಗಳುಂಟು. ಅವುಗಳಲ್ಲಿ ಮೂರನ್ನು, ಅವುಗಳಿಗೆ ದೊರೆತ ವಿಮರ್ಶೆಯೊಡನೆ, ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲನೆಯದು ‘ಟೈಮ್‌ಶಿಫ್ಟ್’. ಸೇಬರ್ ಇಂಟರ‍್ಯಾಕ್ಟಿವ್ ಸಂಸ್ಥೆ ರಚಿಸಿದ ಈ ಆಟ ಪ್ರಕಾಶಕರು ಬದಲಾಗಿ, ಮತ್ತೆ ಮತ್ತೆ ತಿದ್ದಿಸಿಕೊಂಡು, ತಡವಾಗಿ 2007ರ ಅಕ್ಟೋಬರ್ ಕೊನೆಯಲ್ಲಿ ಹೊರಬಂದಿತು. ನಾಯಕನು ತೊಟ್ಟ ಉಡುಪಿಗೆ ಕಾಲವನ್ನು ನಿಧಾನಗೊಳಿಸುವ, ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ ಮೂರು ಶಕ್ತಿಗಳಿವೆ. ಕಾಲವನ್ನು ನಿಲ್ಲಿಸಿ ಶತ್ರುವಿನ ಕೈಯಿಂದಲೇ ಬಂದೂಕನ್ನು ಕಿತ್ತುಕೊಳ್ಳಬಹುದು. ವಿಮರ್ಶಕರು ಈ ಶಕ್ತಿಗಳ ಸೊಗಸನ್ನು ಒಪ್ಪಿಕೊಂಡರು. ಆದರೆ ಕಥೆ ಗೋಜಲಾಗಿದೆ, ಮಿಕ್ಕದ್ದೆಲ್ಲ ಹಳೆಯ ಹಾದಿಯದೇ ಎಂದರು. ಅದೇ ವರ್ಷದ ಕೊನೆಯ ಕೆಲವು ತಿಂಗಳಲ್ಲಿ ‘ಬಯೋಶಾಕ್’, ‘ಹೇಲೋ 3’, ‘ಕಾಲ್ ಆಫ್ ಡ್ಯೂಟಿ 4’ ಮೊದಲಾದ ಪ್ರಬಲ ಕೃತಿಗಳು ಒಂದರ ಬೆನ್ನಿಗೊಂದು ಬಂದವು. ಆ ಜನಜಂಗುಳಿಯಲ್ಲಿ ‘ಟೈಮ್‌ಶಿಫ್ಟ್’ ಹಿಂದೆ ಉಳಿಯಿತು.

ಎರಡನೆಯದು ರೇವನ್ ಸಾಫ್ಟ್‌ವೇರ್ ಸಂಸ್ಥೆಯ ‘ಸಿಂಗ್ಯುಲಾರಿಟಿ’. 2010ರ ಜೂನ್ ತಿಂಗಳಲ್ಲಿ ಬಂದ ಈ ಆಟದ ರಂಗಸ್ಥಳ ಸೋವಿಯತ್ ಕಾಲದ ಪ್ರಯೋಗಗಳು ನಡೆದ ಕಾಟೋರ್ಗಾ-12 ಎಂಬ ಕಲ್ಪಿತ ದ್ವೀಪ. ಕೈಗೆ ತೊಟ್ಟ ಯಂತ್ರದಿಂದ ತುಕ್ಕು ಹಿಡಿದು ಕುಸಿದ ಮೆಟ್ಟಿಲನ್ನು ಮತ್ತೆ ಹೊಸದಾಗಿಸಬಹುದು. ಎದುರು ನಿಂತ ಸೈನಿಕನನ್ನು ಕ್ಷಣಾರ್ಧದಲ್ಲಿ ಮುಪ್ಪಿಗೆ ತಳ್ಳಿ ಬೂದಿಯಾಗಿಸಬಹುದು. ವಿಮರ್ಶಕರು ಇದನ್ನು ‘ಟೈಮ್‌ಶಿಫ್ಟ್’ಗಿಂತ ಹೆಚ್ಚಾಗಿ ಮೆಚ್ಚಿದರು. ಆದರೂ ‘ಬಯೋಶಾಕ್’ನ ನೆರಳು ಇದರ ಮೇಲೆ ದಟ್ಟವಾಗಿ ಬಿದ್ದಿದೆಯೆಂದೂ, ಯಂತ್ರದ ಮಹಿಮೆ ರಚನಕಾರರು ಗುರುತು ಹಾಕಿಟ್ಟ ವಸ್ತುಗಳ ಮೇಲೆ ಮಾತ್ರ ನಡೆಯುತ್ತದೆಯೆಂದೂ ಆಕ್ಷೇಪಿಸಿದರು.

ಮೂರನೆಯದೇ ‘ಸೂಪರ್‌ಹಾಟ್’. ಏಳು ದಿನಗಳಲ್ಲಿ ಒಂದು ಆಟವನ್ನು ಕಟ್ಟಬೇಕೆಂಬ 2013ರ ಪಂಥದಲ್ಲಿ ಹುಟ್ಟಿದ ಕೂಸು ಇದು. ಪೋಲೆಂಡಿನ ಲೋಡ್ಜ್ ನಗರದ (ಅಲ್ಲಿಯವರ ಉಚ್ಚಾರದಲ್ಲಿ ವುಚ್) ಪಿಯೋಟರ್ ಇವಾನಿಟ್ಸ್ಕಿ ಮತ್ತು ಸಂಗಡಿಗರು ಇದರ ಕರ್ತೃಗಳು. 2014ರಲ್ಲಿ ಆಟವನ್ನು ಪೂರ್ಣಗೊಳಿಸಲು ಅವರು ಸಾರ್ವಜನಿಕರಲ್ಲಿ 1,00,000 ಡಾಲರುಗಳನ್ನು ಬೇಡಿದರು. ಬಂದದ್ದು ಸುಮಾರು 2,50,000. ಪೂರ್ಣ ರೂಪದಲ್ಲಿ ಅದು 2016ರ ಫೆಬ್ರವರಿ 25ರಂದು ಹೊರಬಂದಿತು. ಇದರ ನಿಯಮ ಒಂದೇ: ನೀವು ಚಲಿಸಿದರೆ ಕಾಲ ಚಲಿಸುತ್ತದೆ, ನೀವು ನಿಂತರೆ ಕಾಲವೂ ನಿಂತಂತೆಯೇ ಆಗುತ್ತದೆ. ಬಿಳಿಯ ಗೋಡೆ, ಬಿಳಿಯ ನೆಲ. ಗಾಜಿನಿಂದ ಕಡೆದಂತಿರುವ, ಮುಖವಿಲ್ಲದ ಕೆಂಪು ಆಕೃತಿಗಳು. ಕೈಗೆ ಎತ್ತಿಕೊಳ್ಳಬಹುದಾದ ಕಪ್ಪು ವಸ್ತುಗಳು. ಒಂದು ಗುಂಡು ತಗುಲಿದರೆ ಆಟಗಾರನ ಕಥೆ ಮುಗಿಯಿತು. ಗಾಳಿಯಲ್ಲಿ ತೂಗುತ್ತಿರುವ ಗುಂಡನ್ನು ನೋಡುತ್ತ, ಮುಂದಿನ ಹೆಜ್ಜೆಯನ್ನು ಚದುರಂಗದವನಂತೆ ಯೋಚಿಸಿ ಇಡಬೇಕು. ಒಂದು ಪ್ರಸಂಗವನ್ನು ಗೆದ್ದೊಡನೆ, ತಾನು ತಡೆತಡೆದು ಆಡಿದ್ದೆಲ್ಲವನ್ನೂ ಆಟವು ನಿಜವಾದ ವೇಗದಲ್ಲಿ ಮತ್ತೊಮ್ಮೆ ತೋರಿಸುತ್ತದೆ. ಆಗ ಆಟಗಾರನು ತನ್ನನ್ನೇ ಕಂಡು ಬೆರಗಾಗುತ್ತಾನೆ.

ಈ ಮೂರು ಕೃತಿಗಳಿಗೂ ವಿಮರ್ಶಕರು ಅಂಕಗಳನ್ನು ಕೊಟ್ಟಿದ್ದಾರೆ. ಆ ಅಂಕಗಳ ಸರಾಸರಿ ತೆಗೆದು ತೋರಿಸುವ ಮೆಟಾಕ್ರಿಟಿಕ್ ಎಂಬ ತಾಣದಲ್ಲಿ ‘ಟೈಮ್‌ಶಿಫ್ಟ್’ ನೂರಕ್ಕೆ 70ರ ಆಸುಪಾಸಿನಲ್ಲಿದೆ. ‘ಸೂಪರ್‌ಹಾಟ್’ 80ನ್ನು ದಾಟಿದೆ. ‘ಸಿಂಗ್ಯುಲಾರಿಟಿ’ ಇವೆರಡರ ನಡುವೆ ಇದೆ. ತಾರತಮ್ಯ ಸರಿಯಾಗಿಯೇ ಇದೆಯೆಂದು ತೋರುತ್ತದೆ. ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಹತ್ತು ಹನ್ನೆರಡು ಅಂಕಗಳ ಅಂತರವೆ? ಒಂದೇ ತಕ್ಕಡಿಯಲ್ಲಿ ತೂಗಿದಾಗ ಒಂದು ತುಸು ಹಗುರ, ಇನ್ನೊಂದು ತುಸು ಭಾರ ಎನ್ನುವ ಬಗೆಯದೆ? ಅಲ್ಲವೆಂಬುದೇ ನಮ್ಮ ಅಭಿಪ್ರಾಯ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಅಲಂಕಾರದ ವಿಷಯವಾಗಿ ಒಂದು ಮಾತನ್ನು ಸ್ಪಷ್ಟಪಡಿಸಿದ್ದಾನೆ. ರಸದಲ್ಲಿ ತನ್ಮಯನಾದ ಕವಿಗೆ ಬೇರೊಂದು ಪ್ರಯತ್ನವಿಲ್ಲದೆ ತಾನಾಗಿಯೇ ಒದಗಿಬಂದ ಅಲಂಕಾರವೇ ಅಂಥ ಕಾವ್ಯಕ್ಕೆ ಸಲ್ಲುವ ಅಲಂಕಾರ ಎಂಬುದು ಅದರ ತಾತ್ಪರ್ಯ. ಬೇರೆಯಾಗಿ ಮಾಡಿ ಹೊರಗಿನಿಂದ ತೊಡಿಸಿದ್ದನ್ನು ಕಳಚಿ ಇಟ್ಟರೂ ದೇಹ ಹಾಗೆಯೇ ಇರುತ್ತದೆ. ಈ ಸೂತ್ರವನ್ನು ಹಿಡಿದು ಮೇಲಿನ ಆಟಗಳನ್ನು ನೋಡಬಹುದು. ‘ಟೈಮ್‌ಶಿಫ್ಟ್’ನಿಂದ ಕಾಲದ ಶಕ್ತಿಗಳನ್ನು ಕಳಚಿದರೆ ಒಂದು ಸಾಧಾರಣವಾದ ಗುಂಡಿನ ಆಟ ಉಳಿಯುತ್ತದೆ. ಅಷ್ಟೇ ಅಲ್ಲ, ಯಾವ ಸನ್ನಿವೇಶಕ್ಕೆ ಯಾವ ಶಕ್ತಿ ತಕ್ಕದ್ದೆಂಬುದನ್ನು ನಾಯಕನ ಉಡುಪೇ ಆರಿಸಿಕೊಡುವುದರಿಂದ ಕಾಲವನ್ನು ಕುರಿತು ಆಟಗಾರನು ಯೋಚಿಸಬೇಕಾದ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ. ‘ಸಿಂಗ್ಯುಲಾರಿಟಿ’ಯಲ್ಲಿ ಕಾಲವು ಕಥೆಯೊಳಕ್ಕೆ ಇನ್ನೂ ಆಳವಾಗಿ ಇಳಿದಿದೆ, ಆದರೂ ಅದು ಕೈಗೆ ತೊಟ್ಟ ಕಡಗವೇ. ‘ಸೂಪರ್‌ಹಾಟ್’ನಿಂದ ಕಾಲದ ನಿಯಮವನ್ನು ತೆಗೆದರೆ ಉಳಿಯುವುದು ಏನೂ ಇಲ್ಲ. ಅಲ್ಲಿ ಕಾಲವು ಒಡವೆಯಲ್ಲ, ಉಸಿರು. ಇದು ಜಾತಿಯ ಭೇದ, ಪ್ರಮಾಣದ ಭೇದವಲ್ಲ. ಎಪ್ಪತ್ತು ಎಂಬತ್ತುಗಳ ಲೆಕ್ಕ ಈ ಭೇದವನ್ನು ಹೇಳಲಾರದು.

‘ಸೂಪರ್‌ಹಾಟ್’ಗೆ ಬಂದ ಆಕ್ಷೇಪಗಳಲ್ಲಿ ಬಲವಾದದ್ದು ಅದರ ಅಳತೆಯನ್ನು ಕುರಿತದ್ದು. ಮುಖ್ಯ ಕಥೆ ಎರಡು ಮೂರು ಗಂಟೆಗಳಲ್ಲಿ ಮುಗಿದುಹೋಗುತ್ತದೆ; ಬೆಲೆ ಸುಮಾರು 25 ಡಾಲರು; ಇಷ್ಟಕ್ಕೆ ಅಷ್ಟೆ ಎಂದು ಹಲವರು ಕೇಳಿದರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ದುಡಿದು ಉಳಿಸಿದ ಹಣವನ್ನು ಕೊಟ್ಟು ಕೊಳ್ಳುವವನಿಗೆ ತನಗೆ ದೊರೆಯುವುದೆಷ್ಟೆಂದು ತಿಳಿಯುವ ಹಕ್ಕಿದೆ. ಅದನ್ನು ತಿಳಿಸುವುದು ವಿಮರ್ಶಕನ ಕರ್ತವ್ಯವೂ ಹೌದು. ಆದರೆ ತಿಳಿಸುವುದು ಬೇರೆ, ಅದನ್ನೇ ತೀರ್ಪಿಗೆ ಆಧಾರ ಮಾಡಿಕೊಳ್ಳುವುದು ಬೇರೆ. ಸಣ್ಣಕಥೆಯೊಂದನ್ನು ಕಾದಂಬರಿಯಷ್ಟು ಪುಟಗಳಿಲ್ಲವೆಂದು ಯಾರೂ ತಿರಸ್ಕರಿಸುವುದಿಲ್ಲ. ಬೀಜರೂಪವಾದ ಒಂದೇ ಭಾವವನ್ನು ಹಿಡಿದು ಅದು ಅರಳಿದೊಡನೆ ನಿಲ್ಲಿಸುವುದು ಸಂಯಮವೇ ಹೊರತು ಜಿಪುಣತನವಲ್ಲ.

ಗಂಟೆಗಳ ಕೋಲಿನಿಂದ ಅಳೆದರೆ ಆಗುವುದೇನೆಂಬುದಕ್ಕೆ ಅದೇ ಬಳಗದ ಮುಂದಿನ ಕೃತಿಯಲ್ಲಿ ನಿದರ್ಶನವಿದೆ. 2020ರ ಜುಲೈನಲ್ಲಿ ಬಂದ ‘ಸೂಪರ್‌ಹಾಟ್: ಮೈಂಡ್ ಕಂಟ್ರೋಲ್ ಡಿಲೀಟ್’ ಮೊದಲಿನದಕ್ಕಿಂತ ಎಷ್ಟೋ ಪಾಲು ದೀರ್ಘವಾಗಿತ್ತು. ಈ ಸಲ ಕೇಳಿಬಂದ ಆಕ್ಷೇಪವೇನು? ಬಂದ ಸ್ಥಳಗಳೇ ಮತ್ತೆ ಬರುತ್ತವೆ, ಮಾಡಿದ್ದನ್ನೇ ಮತ್ತೆ ಮಾಡಬೇಕಾಗಿದೆ ಎಂಬುದು. ಅದರ ಕೊನೆಯಲ್ಲಂತೂ ಆಟಗಾರನು ಸುಮ್ಮನೆ ಎಂಟು ಗಂಟೆ ಕಾಯಬೇಕೆಂದು ರಚನಕಾರರು ವಿಧಿಸಿದ್ದರು. ದೂರುಗಳು ಬಂದ ಮೇಲೆ ಅದನ್ನು ಎರಡೂವರೆ ಗಂಟೆಗೆ ಇಳಿಸಿದರು. ಹೆಚ್ಚು ಹೆಚ್ಚು ಆಟವನ್ನು ಬಯಸುವವರ ಹಸಿವಿನ ಮೇಲೆ ಇದೊಂದು ವಿಡಂಬನೆಯೆಂದು ಬಗೆದವರೂ ಉಂಟು. ವಿಡಂಬನೆಯಾಗಲಿ ಪ್ರಮಾದವಾಗಲಿ, ಮೊದಲಿನದು ಸಾಲದು ಎಂದೂ ಎರಡನೆಯದು ಹೆಚ್ಚಾಯಿತು ಎಂದೂ ಹೇಳಿದ ವಿಮರ್ಶೆ, ಎಷ್ಟು ಎಂಬ ಪ್ರಶ್ನೆಯ ಸುತ್ತಲೇ ಸುಳಿದಾಡಿತು. ಏತಕ್ಕೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಏತಕ್ಕೆ ಎಂದು ಕೇಳಲು ‘ಸೂಪರ್‌ಹಾಟ್’ನಲ್ಲಿ ಕಾರಣವಿದೆ. ಅದರ ಕಥೆಯೊಳಗೆ ಆಟವೇ ಆಟಗಾರನನ್ನು ಎಚ್ಚರಿಸುತ್ತದೆ: ಇಲ್ಲಿಗೆ ಬರಬೇಡ, ಬಿಟ್ಟು ಹೋಗು ಎನ್ನುತ್ತದೆ. ಆಟಗಾರ ಮತ್ತೆ ಬರುತ್ತಾನೆ; ಬಂದಷ್ಟೂ ಅವನ ಇಚ್ಛೆ ಆಟದ ವಶವಾಗುತ್ತದೆ. ಕಡೆಗೆ, ಇಷ್ಟೊಂದು ಹೊಸತನದ ಆಟವನ್ನು ತಾನು ವರ್ಷಗಳಿಂದ ಆಡಿರಲಿಲ್ಲ ಎಂಬ ಅರ್ಥದ ಹೊಗಳಿಕೆಯನ್ನು ಅವನ ಬಾಯಲ್ಲೇ ಇಟ್ಟು, ಹೋಗಿ ಗೆಳೆಯರಿಗೆ ಹೇಳೆಂದು ಕಳುಹಿಸುತ್ತದೆ. ಆ ಮಾತನ್ನು ಅನೇಕರು ನಗುತ್ತ ಹಾಗೆಯೇ ಒಪ್ಪಿಸಿದರು. ಹೊಗಳಿಕೆಯನ್ನು ಕೃತಿಯೇ ಬರೆದುಕೊಟ್ಟು, ವಿಮರ್ಶಕ ಅದನ್ನು ಓದಿಹೇಳಿದಾಗ, ಯಾರ ಸ್ವಾತಂತ್ರ್ಯ ಯಾರ ಕೈಯಲ್ಲಿದೆ? ಆಟ ಹಾಕಿದ ಈ ಸವಾಲಿಗೆ ಅಂಕಗಳಲ್ಲಿ ಉತ್ತರವಿಲ್ಲ.

ಉತ್ತಮಪುರುಷದ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು. ಕೆಂಪು ಗಾಜಿನ ಆಕೃತಿಗಳು ಒಡೆದು ಚೂರಾಗುವುದನ್ನು ನೃತ್ಯಕ್ಕೆ ಹೋಲಿಸಿ ಕೊಂಡಾಡಿದ ಬರಹಗಳು ಬಂದವು. ಆ ಸೊಗಸು ಸುಳ್ಳಲ್ಲ. ಆದರೆ ರಕ್ತವಿಲ್ಲದ, ಮುಖವಿಲ್ಲದ ಕೊಲೆ ಅಷ್ಟು ಸುಂದರವಾಗಿ ಕಾಣುವುದೇಕೆ ಎಂದು ಕೇಳುವುದು ವಿಮರ್ಶೆಯ ಕೆಲಸವಲ್ಲದೆ ಮತ್ತಾರದು? 2021ರ ಜುಲೈನಲ್ಲಿ ಕರ್ತೃಗಳು ಈ ಆಟದ ವಿ.ಆರ್. ರೂಪದಿಂದ, ಅಂದರೆ ಕಣ್ಣಿಗೆ ಯಂತ್ರ ತೊಟ್ಟು ಆಡುವ ರೂಪದಿಂದ, ಆತ್ಮಹಿಂಸೆಯನ್ನು ಸೂಚಿಸುವ ದೃಶ್ಯಗಳನ್ನು ತೆಗೆದುಹಾಕಿದರು. ಬಂದೂಕನ್ನು ತನ್ನ ತಲೆಗೆ ತಾನೇ ಹಿಡಿಯಬೇಕಾದ ಸನ್ನಿವೇಶ ಅವುಗಳಲ್ಲೊಂದು. ಪರದೆಯ ಮೇಲೆ ಗುಂಡಿ ಒತ್ತಿ ಮಾಡುವುದಕ್ಕೂ, ತನ್ನ ಕೈಯನ್ನೇ ಎತ್ತಿ ಮಾಡುವುದಕ್ಕೂ ಅಂತರವಿದೆಯೆಂಬುದನ್ನು ಅವರು ಮನಗಂಡರೆಂದು ತೋರುತ್ತದೆ. ಕೊಂಡವರಲ್ಲಿ ಹಲವರು ಕೋಪಗೊಂಡು, ತಾವು ಹಣ ಕೊಟ್ಟದ್ದನ್ನು ಕತ್ತರಿಸಲಾಗಿದೆಯೆಂದು ಪ್ರತಿಕೂಲ ಅಭಿಪ್ರಾಯಗಳ ಸುರಿಮಳೆಗರೆದರು. ಅವರ ದೂರಿನಲ್ಲಿಯೂ ಹುರುಳಿದೆ: ಪ್ರಕಟವಾದ ಕೃತಿಯನ್ನು ಓದುಗನ ಕಪಾಟಿನಿಂದಲೇ ತಿದ್ದುವ ಅಧಿಕಾರ ಕರ್ತೃವಿಗೆ ಎಷ್ಟಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಆದರೆ ಕೃತಿಗೆ ಆ ದೃಶ್ಯ ಅಗತ್ಯವಾಗಿತ್ತೆ, ಅದು ಹೋದದ್ದರಿಂದ ಅರ್ಥಕ್ಕೆ ಬಂದ ಹಾನಿಯೇನು ಎಂಬ ವಿಚಾರಕ್ಕೆ ಆ ಗದ್ದಲದಲ್ಲಿ ಸ್ಥಳವಿರಲಿಲ್ಲ. ವಿವೇಚನೆಯಿಂದ ನಡೆಯಬೇಕಾದ ವಾದ ಸಂಖ್ಯಾಬಲದಿಂದ ನಡೆಯಿತು.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಕೃತಿಯೊಂದು ತನ್ನದೆಂದು ಕೈಗೆತ್ತಿಕೊಂಡ ವಸ್ತುವನ್ನು ಒಡವೆಯಾಗಿ ತೊಟ್ಟಿದೆಯೋ ಉಸಿರಾಗಿ ಮಾಡಿಕೊಂಡಿದೆಯೋ ಎಂಬುದು ವಿಮರ್ಶಕನ ಮೊದಲ ಪ್ರಶ್ನೆಯಾಗಬೇಕು. ಅದು ನಮ್ಮನ್ನು ಏನು ಮಾಡಿಸುತ್ತದೆ, ಮಾಡಿದ ಮೇಲೆ ನಾವು ಏನಾಗುತ್ತೇವೆ ಎಂಬುದು ಎರಡನೆಯದಾಗಬೇಕು. ಎಷ್ಟು ಗಂಟೆ, ಎಷ್ಟು ಹಣ ಎಂಬುದು ಆಮೇಲೆ ಬರಲಿ. ಈ ಅನುಕ್ರಮ ತಲೆಕೆಳಗಾದರೆ ವಿಮರ್ಶೆ ವರ್ತಕನ ಓಲೆಯಾಗುತ್ತದೆ. ನಮ್ಮ ಮಕ್ಕಳು ಈ ಆಟಗಳನ್ನು ಆಡುತ್ತಿದ್ದಾರೆ. ಅವುಗಳನ್ನು ತೂಗಿನೋಡಲು ಬೇಕಾದ ಮಾತುಗಳು ನಮ್ಮ ಭಾಷೆಗೆ ಹೊಸತಲ್ಲ. ರಸ, ಔಚಿತ್ಯ, ಅಲಂಕಾರಗಳನ್ನು ಕುರಿತು ಇಷ್ಟೊಂದು ಚಿಂತಿಸಿದ ಪರಂಪರೆಯ ಬಳಿ ಆ ಸಲಕರಣೆ ಸಿದ್ಧವಾಗಿದೆ. ಅದನ್ನು ಬಳಸುವ ಮನಸ್ಸು ಬರಬೇಕು.

ನಿಂತರೆ ಕಾಲವೂ ನಿಲ್ಲುವ ಲೋಕವೊಂದನ್ನು ಆ ಪೋಲಿಷ್ ತರುಣರು ಕಟ್ಟಿ ತೋರಿಸಿದರು. ಅಲ್ಲಿ ಗೆಲ್ಲುವವನು ಅವಸರಪಟ್ಟವನಲ್ಲ, ನಿಂತು ಸುತ್ತಲೂ ನೋಡಿ ಹೆಜ್ಜೆಯಿಟ್ಟವನು. ತೀರ್ಪು ಕೊಡುವವರೂ ಅದೇ ಆಟದಿಂದ ಆ ಪಾಠವನ್ನು ಕಲಿತರೆ ಒಳ್ಳೆಯದು.